ಹಳೆ ಅಂಕಿಗಳು ಬೆಳಗಲಿ, ಇಡೀ ದಿನ ಬೇಡ

ಪ್ರಶ್ನೆ: ಎರಡು ವರ್ಷದಿಂದ ಹಳೆ ಕಂಪ್ಯೂಟರ್, ಕ್ಯಾಲ್ಕುಲೇಟರ್ ಕೂಡಿಸುವ ಹುಚ್ಚು ಹಿಡಿದಿದೆ. ಈಗ ನನ್ನ ಹತ್ತಿರ ಒಂದು ಕಮೊಡೋರ್ 64, ಒಂದು ಮ್ಯಾಕಿಂಟೋಷ್ ಎಸ್‌ಇ/30, ಕೈಯಲ್ಲಿ ಹಿಡಿದು ಆಡುವ ಒಂದು ಹಳೆ ಗೇಮ್ ಬಾಯ್, ಕೆಂಪು ಅಂಕಿಯ ಎರಡು ಕ್ಯಾಲ್ಕುಲೇಟರ್ (ಅದರಲ್ಲಿ ಒಂದು ಎಚ್‌ಪಿ-25), ತಿಳಿ ಹಸಿರು ಅಂಕಿ ಮೂಡುವ ಒಂದು ಮೇಜಿನ ಕ್ಯಾಲ್ಕುಲೇಟರ್, ಗಾಜಿನ ಟ್ಯೂಬುಗಳಲ್ಲಿ ಕಿತ್ತಳೆ ಅಂಕಿ ಬೆಳಗುವ ಒಂದು ನಿಕ್ಸಿ ಗಡಿಯಾರ ಇವೆ. ಗಾಜಿನ ಶೋಕೇಸ್ ಮಾಡಿಸಿ ಎಲ್ಲವನ್ನೂ ಬೆಳಗಿಸಿ ಇಡಬೇಕು ಅಂತ ಆಸೆ. ಎಷ್ಟು ಹೊತ್ತು ಆನ್ ಮಾಡಿಡಬಹುದು? ಮ್ಯಾಕ್ ತಂದಾಗಿನಿಂದ ಆನ್ ಮಾಡಿಲ್ಲ, ಭಯ. ಗೇಮ್ ಬಾಯ್ ಪರದೆಯಲ್ಲಿ ಉದ್ದುದ್ದ ಗೆರೆ ಕಾಣುತ್ತಿವೆ. ಮುಂದೆ ಏನು ತಗೊಂಡರೆ ಒಳ್ಳೆಯದು?

ಉತ್ತರ: ನಿಮ್ಮ ಪಟ್ಟಿ ನೋಡಿ ಸ್ವಲ್ಪ ಹೊಟ್ಟೆ ಉರಿಯಿತು ಅಂತ ಮೊದಲೇ ಒಪ್ಪಿಕೊಳ್ಳುತ್ತೇನೆ. ನಿಕ್ಸಿಯಿಂದ ಹಿಡಿದು ಎಲ್‌ಸಿಡಿವರೆಗೆ ಐದು ಬಗೆಯ ಡಿಸ್‌ಪ್ಲೇ ಎರಡೇ ವರ್ಷದಲ್ಲಿ! ನನಗೆ ಅಷ್ಟಕ್ಕೆ ಎಂಟು ವರ್ಷ ಹಿಡಿದಿತ್ತು.

ಈಗ ವಿಷಯಕ್ಕೆ ಬರೋಣ. ಎಲ್ಲವನ್ನೂ ಇಡೀ ದಿನ ಬೆಳಗಿಸಿ ಇಡುವ ಯೋಚನೆ ಬಿಟ್ಟುಬಿಡಿ. ಕರೆಂಟ್ ಬಿಲ್ಲಿನ ಮಾತಲ್ಲ ಇದು. ನೀವು ತೋರಿಸಬೇಕು ಅಂದುಕೊಂಡಿರುವ ಆ ಬೆಳಕೇ ಸವೆಯುವ ವಸ್ತು. ಹಳೆ ಯಂತ್ರದಲ್ಲಿ ಚಿಪ್ ಹೋದರೆ ಎಷ್ಟೋ ಸಲ ಇನ್ನೊಂದು ಸಿಗುತ್ತದೆ, ಕೆಪಾಸಿಟರ್ ಅಂತೂ ಹೊಸದೇ ಸಿಗುತ್ತದೆ. ಮಂಕಾದ ಡಿಸ್‌ಪ್ಲೇಗೆ ಮಾತ್ರ ಅದೇ ಮಾದರಿಯ ಇನ್ನೊಂದು ಯಂತ್ರವನ್ನು ಬಲಿ ಕೊಡಬೇಕು. ದಿನಕ್ಕೆ 10 ಗಂಟೆ ಉರಿಸಿದರೆ ವರ್ಷಕ್ಕೆ 3650 ಗಂಟೆ ಆಯಿತು. ಆ ಕ್ಯಾಲ್ಕುಲೇಟರನ್ನು ಮೊದಲು ಕೊಂಡವರು ಐದು ವರ್ಷದಲ್ಲೂ ಅಷ್ಟು ಉರಿಸಿದ್ದರೋ ಇಲ್ಲವೋ.

ಆದರೆ ಎಲ್ಲ ಬೆಳಕೂ ಒಂದೇ ಥರ ಸವೆಯುವುದಿಲ್ಲ. ಅದನ್ನು ಒಂದೊಂದಾಗಿ ಹೇಳುತ್ತೇನೆ. ಅದಕ್ಕೆ ಮೊದಲು ನಿಮ್ಮ ಮ್ಯಾಕ್ ವಿಷಯ ಮುಗಿಸೋಣ, ಯಾಕಂದರೆ ಅದು ಕಾಯುವುದಿಲ್ಲ.

ಭಯಪಟ್ಟು ಆನ್ ಮಾಡದೆ ಇಟ್ಟಿದ್ದು ಒಳ್ಳೆಯದೇ ಆಯಿತು. ಆದರೆ ಬಿಚ್ಚದೆ ಇಟ್ಟಿದ್ದೀರಲ್ಲ, ಅದು ತಪ್ಪು. ಎಸ್‌ಇ/30 ಬಂದಿದ್ದು 1989ರಲ್ಲಿ. ಅದರ ಬೋರ್ಡಿನ ಮೇಲೆ ಗಡಿಯಾರ, ಸೆಟ್ಟಿಂಗ್ ಉಳಿಸಿಕೊಳ್ಳಲು 3.6 ವೋಲ್ಟಿನ ಒಂದು ಪುಟ್ಟ ಲಿಥಿಯಂ ಬ್ಯಾಟರಿ ಇದೆ. ಯಂತ್ರ ಆಫ್ ಆಗಿದ್ದರೂ, ಡಬ್ಬದಲ್ಲೇ ಇದ್ದರೂ, ಅದು ಒಂದು ದಿನ ಒಡೆಯುತ್ತದೆ. ಒಡೆದ ಮೇಲೆ ಬರುವ ರಸ ಬೋರ್ಡನ್ನಷ್ಟೇ ಅಲ್ಲ, ಒಳಗಿನ ಲೋಹದ ಚೌಕಟ್ಟನ್ನೂ ತಿಂದು ಹಾಕುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ನನ್ನ ಕೈ ಸುಟ್ಟಿದ್ದು ಬೇರೆ ಯಂತ್ರದಲ್ಲಿ, 386 ಚಿಪ್ಪಿನ ಒಂದು ಹಳೆ ಪಿಸಿ. ಮೇಲೆ ಒಂದು ಗೀರೂ ಇಲ್ಲ, ಕೀಬೋರ್ಡಿನ ಅಕ್ಷರ ಕೂಡ ಮಾಸಿರಲಿಲ್ಲ. ಖುಷಿಯಲ್ಲಿ ಮುಚ್ಚಳ ತೆಗೆದೆ. ಮೂಲೆಯಲ್ಲಿ ನೀಲಿ ಪ್ಲಾಸ್ಟಿಕ್ ಸುತ್ತಿದ ಪೀಪಾಯಿಯಂಥ ಬ್ಯಾಟರಿ, ಅದರ ಎರಡೂ ತುದಿಯಲ್ಲಿ ಬಿಳಿ ಹಿಟ್ಟು. ಅಲ್ಲಿಂದ ಒಂದು ಅಂಗೈ ಅಗಲದಷ್ಟು ಜಾಗದಲ್ಲಿ ತಾಮ್ರದ ಗೆರೆಗಳೆಲ್ಲ ಪಾಚಿ ಬಣ್ಣಕ್ಕೆ ತಿರುಗಿದ್ದವು. ಉಗುರಿನಿಂದ ಮೆಲ್ಲಗೆ ಕೆರೆದರೆ ಹಸಿರು ಬಣ್ಣದ ಜೊತೆ ಗೆರೆಯೂ ಎದ್ದು ಬಂತು. ಆ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಯ ರಸ ಕ್ಷಾರ. ಅದಕ್ಕೇ ಮೊದಲು ಬಿಳಿ ವಿನಿಗರ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಬೇಕು, ಸಣ್ಣಗೆ ನೊರೆ ಬರುತ್ತದೆ, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ತೊಳೆಯಬೇಕು. ಅದೆಲ್ಲ ಮಾಡಿ, ಗೆರೆ ತುಂಡಾಗದಿದ್ದರೆ ಬೀಪ್ ಅನ್ನುವ ಮಲ್ಟಿಮೀಟರ್ ಹಿಡಿದು ಒಂದೊಂದು ಗೆರೆಯನ್ನೂ ಪರೀಕ್ಷಿಸಿ, ಕೂದಲಿನಷ್ಟು ಸಣ್ಣ ತಂತಿಯಿಂದ ಹನ್ನೊಂದು ಕಡೆ ಜೋಡಿಸಿದೆ. ಮೂರು ಭಾನುವಾರ ಹೋಯಿತು. ಬ್ಯಾಟರಿಯನ್ನು ಮೊದಲೇ ಕತ್ತರಿಸಿ ತೆಗೆದಿದ್ದರೆ ಎರಡು ನಿಮಿಷದ ಕೆಲಸ.

ಹಾಗಾಗಿ ಇವತ್ತೇ ಮ್ಯಾಕ್ ಬಿಚ್ಚಿ. ಉದ್ದ ಕಾಂಡದ, ನಕ್ಷತ್ರದಾಕಾರದ ತುದಿಯ ಟಿ15 ಟಾರ್ಕ್ಸ್ ಸ್ಕ್ರೂಡ್ರೈವರ್ ಬೇಕು, ಹಿಡಿಕೆಯ ಹಳ್ಳದಲ್ಲಿ ಎರಡು ಸ್ಕ್ರೂ ಆಳದಲ್ಲಿವೆ, ಗಿಡ್ಡದು ತಲುಪುವುದಿಲ್ಲ. ಒಳಗೆ ಇರುವುದು 9 ಇಂಚಿನ ಪಿಕ್ಚರ್ ಟ್ಯೂಬ್. ಅದರ ಬದಿಯಲ್ಲಿ ರಬ್ಬರ್ ಟೋಪಿಯ ಕೆಳಗೆ ಸಾವಿರಾರು ವೋಲ್ಟ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು. ಅದರ ಹತ್ತಿರ ಕೈ ಹಾಕಲೇಬೇಡಿ. ಇನ್ನೊಂದು, ಟ್ಯೂಬಿನ ಹಿಂಬದಿಯ ಕುತ್ತಿಗೆ ಬಲು ಸಣ್ಣ. ವೈರ್ ಎಳೆಯುವಾಗ ಮೊಣಕೈ ತಾಗಿದರೂ ಸಾಕು, ಟಕ್ ಅಂತ ಮುರಿದು ಒಳಗೆ ಗಾಳಿ ನುಗ್ಗುತ್ತದೆ. ಅಲ್ಲಿಗೆ ಕಥೆ ಮುಗಿಯಿತು. ಈ ಕೆಲಸ ಹೊಸದಾದರೆ ಟಿವಿ ರಿಪೇರಿ ಮಾಡಿ ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಅದರಲ್ಲಿ ನಾಚಿಕೆ ಏನೂ ಇಲ್ಲ. ಕೆಳಗಿನ ಬೋರ್ಡನ್ನು ಜಾರಿಸಿ ತೆಗೆದರೆ ಬ್ಯಾಟರಿ ಒಂದು ಗೂಡಿನಲ್ಲಿ ಕೂತಿರುತ್ತದೆ, ಹಾಗೇ ಎತ್ತಬಹುದು. ಹೊಸದು ಹಾಕುವುದು ಬೇಡ. ಗಡಿಯಾರ ತಪ್ಪು ತೋರಿಸಲಿ ಬಿಡಿ.

ಬ್ಯಾಟರಿ ಸರಿ ಇದ್ದರೂ ಎಸ್‌ಇ/30ಕ್ಕೆ ಇನ್ನೊಂದು ಕಾಯಿಲೆ ಇದೆ. ಬೋರ್ಡಿನ ಮೇಲಿನ ಪುಟಾಣಿ ಅಲ್ಯೂಮಿನಿಯಂ ಡಬ್ಬಿಗಳು, ಅಂದರೆ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು, ಬುಡದಲ್ಲಿ ಸೋರುತ್ತವೆ. ಆಗ ಆನ್ ಮಾಡಿದರೆ ಪರದೆ ತುಂಬಾ ಅಡ್ಡ ಪಟ್ಟೆ. ಈ ಪಟ್ಟೆಗೆ ಸಂಗ್ರಹಕಾರರು ಇಟ್ಟ ಅಡ್ಡಹೆಸರು ಸಿಮಾಸಿಮ್ಯಾಕ್. ಅದನ್ನು ಕಂಡರೆ ಹೆದರಬೇಡಿ, ಎಷ್ಟೋ ಸಲ ಕೆಪಾಸಿಟರ್ ಬದಲಿಸಿ ಬೋರ್ಡ್ ತೊಳೆದರೆ ಎದ್ದು ಕೂರುತ್ತದೆ.

ಕಮೊಡೋರ್ 64ರದು ಬೇರೆಯೇ ಗೋಳು. ಯಂತ್ರ ಗಟ್ಟಿ, ಜೊತೆಗೆ ಬಂದ ಅಡಾಪ್ಟರ್ ಕೊಲೆಗಾರ. ಇಟ್ಟಿಗೆಯಂಥ ಆ ಡಬ್ಬದ ಒಳಗೆ ಕಲ್ಲಿನಂತೆ ಗಟ್ಟಿಯಾಗುವ ಎಪಾಕ್ಸಿ ಅಂಟು ಸುರಿದು ಮುಚ್ಚಿರುತ್ತಾರೆ, ಶಾಖ ಹೊರಗೆ ಹೋಗುವುದಿಲ್ಲ. ವೋಲ್ಟನ್ನು ಹದದಲ್ಲಿಡುವ ರೆಗ್ಯುಲೇಟರ್ ಕೆಟ್ಟರೆ 5 ವೋಲ್ಟ್ ಇರಬೇಕಾದ ಕಡೆ ಜಾಸ್ತಿ ವೋಲ್ಟ್ ಬರುತ್ತದೆ, ಮೊದಲು ಸಾಯುವುದು ಮೆಮೊರಿ ಚಿಪ್‌ಗಳು. ಮೀಟರಿನಲ್ಲಿ ನೋಡಿದೆ, ಸರಿಯಾಗೇ ಇತ್ತು ಅನ್ನುವವರು ಇದ್ದಾರೆ. ತಣ್ಣಗಿದ್ದಾಗ ಸರಿ ಇದ್ದದ್ದು ಬಿಸಿಯಾದ ಮೇಲೆ ಏರಬಹುದು. ಹಳೆಯದನ್ನು ಶೋಕೇಸ್‌ನಲ್ಲಿ ಪಕ್ಕಕ್ಕೆ ಇಡಿ, ಓಡಿಸಲು ಹೊಸದಾಗಿ ಮಾಡಿದ ಅಡಾಪ್ಟರ್ ತಗೊಳ್ಳಿ. ಇದರಲ್ಲಿ ಜಿಪುಣತನ ಬೇಡ.

ಈಗ ಬೆಳಕಿನ ಮಾತು.

ನಿಕ್ಸಿಯಿಂದ ಶುರು ಮಾಡೋಣ. 1955ರಲ್ಲಿ ಬರೋಸ್ ಕಂಪನಿ ಮಾರುಕಟ್ಟೆಗೆ ತಂದದ್ದು. ನಿಮ್ಮ ಗಡಿಯಾರದ ಒಂದು ಟ್ಯೂಬನ್ನು ಆಫ್ ಮಾಡಿ ಓರೆಯಾಗಿ ನೋಡಿ. ಹತ್ತು ಅಂಕಿಗಳು ಸಣ್ಣ ಲೋಹದ ಹಾಳೆಯಲ್ಲಿ ಕತ್ತರಿಸಿ ಒಂದರ ಹಿಂದೆ ಒಂದು ನಿಲ್ಲಿಸಿದ ಹಾಗೆ ಕಾಣುತ್ತವೆ. ಅವು 0, 1, 2 ಅಂತ ಸಾಲಾಗಿ ಇರುವುದಿಲ್ಲ, ಒಂದರ ನೆರಳು ಇನ್ನೊಂದಕ್ಕೆ ಅಡ್ಡ ಬರದ ಹಾಗೆ ಹಿಂದೆ ಮುಂದೆ ಮಾಡಿರುತ್ತಾರೆ. ಅದಕ್ಕೇ ಸೆಕೆಂಡ್ ಬದಲಾಗುವಾಗ ಅಂಕಿ ಒಮ್ಮೆ ಹತ್ತಿರ ಬಂದ ಹಾಗೆ, ಒಮ್ಮೆ ದೂರ ಹೋದ ಹಾಗೆ ಕಾಣುವುದು. ಸೋವಿಯತ್ ಐಎನ್-12 ಟ್ಯೂಬ್ ಆಗಿದ್ದರೆ ಅದರ 5 ನೋಡಿ, 2ನ್ನೇ ತಲೆಕೆಳಗು ಮಾಡಿ ಹಾಕಿದ್ದಾರೆ. ನಾನು ಇದನ್ನು ಗಮನಿಸಿದ್ದು ಗಡಿಯಾರ ತಂದು ಒಂದು ವರ್ಷ ಆದ ಮೇಲೆ, ಆಮೇಲೆ ನೋಡಿದಾಗಲೆಲ್ಲ ನಗು.

ಸುತ್ತ ತುಂಬಿರುವುದು ಹೆಚ್ಚಾಗಿ ನಿಯಾನ್ ಅನಿಲ. ಸುಮಾರು 170 ವೋಲ್ಟ್ ಕೊಟ್ಟರೆ ಅಂಕಿಯ ಮೈಗೆ ಅಂಟಿಕೊಂಡ ಹಾಗೆ ಕಿತ್ತಳೆ ಬೆಳಕು. ಇದರ ಸವೆತ ವಿಚಿತ್ರ. ಉರಿಯುವ ಅಂಕಿಯಿಂದ ಲೋಹದ ಕಣಗಳು ಎದ್ದು ಉರಿಯದ ಅಂಕಿಗಳ ಮೇಲೆ ಕೂರುತ್ತವೆ. ಗಂಟೆಯ ಮೊದಲ ಟ್ಯೂಬಿನಲ್ಲಿ 0, 1, 2 ಬಿಟ್ಟು ಬೇರೆ ಅಂಕಿಗೆ ಕೆಲಸವೇ ಇಲ್ಲ ಅಲ್ವಾ? ಆ ಪಾಪದ 7 ಒಂದೆರಡು ವರ್ಷ ಆದ ಮೇಲೆ ಉರಿಸಿದರೆ ಅರ್ಧ ಮಾತ್ರ ಬೆಳಗುತ್ತದೆ. ಇಲ್ಲಿ ಸುಮ್ನೆ ಕೂತದ್ದೇ ಕೆಡುತ್ತದೆ. ಅದಕ್ಕೆ ಒಳ್ಳೆಯ ಗಡಿಯಾರಗಳಲ್ಲಿ ಆಗಾಗ ಎಲ್ಲ ಅಂಕಿಗಳನ್ನೂ ಸರಸರ ಓಡಿಸುವ ವ್ಯವಸ್ಥೆ ಇರುತ್ತದೆ. ನಿಮ್ಮದರಲ್ಲಿ ಇದೆಯಾ ನೋಡಿ, ಇದ್ದರೆ ಅಂದಕ್ಕೆ ಅಂದುಕೊಂಡು ಆಫ್ ಮಾಡಬೇಡಿ. ಮುಟ್ಟುವಾಗ 170 ವೋಲ್ಟ್ ನೆನಪಿರಲಿ.

ತಿಳಿ ಹಸಿರು ಅಂಕಿಯ ಮೇಜಿನ ಕ್ಯಾಲ್ಕುಲೇಟರ್ ಇದೆಯಲ್ಲ, ನಿಮ್ಮ ಸಂಗ್ರಹದಲ್ಲಿ ಜಾಸ್ತಿ ಜೋಪಾನ ಮಾಡಬೇಕಾದ್ದು ಅದೇ. ಅದು ವ್ಯಾಕ್ಯೂಮ್ ಫ್ಲೋರೊಸೆಂಟ್ ಡಿಸ್‌ಪ್ಲೇ, ವಿಎಫ್‌ಡಿ ಅನ್ನುತ್ತೇವೆ. 1960ರ ದಶಕದ ಕೊನೆಯಲ್ಲಿ ಜಪಾನಿನಲ್ಲಿ ರೂಪ ತಳೆದು, ಆಮೇಲೆ ಕ್ಯಾಲ್ಕುಲೇಟರ್, ಗಡಿಯಾರ, ವಿಸಿಆರ್, ಆಟದ ಸಾಮಾನು ಎಲ್ಲದಕ್ಕೂ ಬಂತು. 1978ರ ಸ್ಪೀಕ್ ಅಂಡ್ ಸ್ಪೆಲ್ ನೆನಪಿದೆಯಾ, ಮಕ್ಕಳಿಗೆ ಸ್ಪೆಲಿಂಗ್ ಕಲಿಸುತ್ತಿದ್ದ ಕೆಂಪು ಡಬ್ಬ? ಅದರಲ್ಲೂ ಇದೇ. ಕತ್ತಲಲ್ಲಿ ಗಾಜಿನ ಹತ್ತಿರ ಕಣ್ಣಿಟ್ಟು ನೋಡಿದರೆ ಅಂಕಿಗಳ ಮುಂದೆ ಅಡ್ಡಲಾಗಿ ಕೂದಲಿನಂಥ ತಂತಿಗಳು ಕಾಣುತ್ತವೆ. ಅವು ಬಿಸಿಯಾಗಿ ಎಲೆಕ್ಟ್ರಾನ್ ಉಗುಳುತ್ತವೆ, ಅದು ಬಡಿದ ಕಡೆ ಸತುವಿನ ಆಕ್ಸೈಡ್ ಲೇಪ ಹೊಳೆಯುತ್ತದೆ. ಆ ಲೇಪ ಉರಿದಷ್ಟೂ ಮಂಕಾಗುತ್ತದೆ, ವಾಪಸ್ ಬರುವುದಿಲ್ಲ.

ಒಂದು ಪರೀಕ್ಷೆ ಹೇಳುತ್ತೇನೆ, ಈಗಲೇ ಮಾಡಿ. ಕ್ಯಾಲ್ಕುಲೇಟರ್ ಆನ್ ಮಾಡಿ ಎಲ್ಲ ಜಾಗ ತುಂಬುವವರೆಗೆ 8 ಒತ್ತಿ. ಕೋಣೆ ಕತ್ತಲಿರಲಿ. ಬಲಗಡೆಯ ಕೊನೆಯ 8ರ ನಡುವಿನ ಅಡ್ಡಗೆರೆ ಉಳಿದ ಆರು ಗೆರೆಗಳಿಗಿಂತ ಹೊಳಪಾಗಿ ಕಾಣುತ್ತದೆಯಾ? ಕಂಡರೆ ಆ ಕ್ಯಾಲ್ಕುಲೇಟರ್ ಯಾರದೋ ಮೇಜಿನ ಮೇಲೆ ಗಂಟೆಗಟ್ಟಲೆ ಬರೀ 0 ತೋರಿಸುತ್ತಾ ಕೂತಿತ್ತು ಅಂತ ಅರ್ಥ. 0ಗೆ ನಡುವಿನ ಗೆರೆ ಬೇಡ, ಹಾಗಾಗಿ ಅದೊಂದು ಹೊಸದಾಗೇ ಉಳಿದಿದೆ. ನಾನು ಯಾವುದೇ ವಿಎಫ್‌ಡಿ ಯಂತ್ರ ತಗೊಳ್ಳುವ ಮುಂಚೆ ಮಾಡುವುದು ಇದನ್ನೇ. ಜೊತೆಗೆ ಗಾಜಿನ ಒಳಮೈಯಲ್ಲಿ ಮೂಲೆಯಲ್ಲೆಲ್ಲೋ ಒಂದು ಕನ್ನಡಿಯಂಥ ಬೆಳ್ಳಿ ಮಚ್ಚೆ ಇರುತ್ತದೆ, ಅದು ಬಿಳಿಚಿಕೊಂಡಿದ್ದರೆ ಒಳಗೆ ಗಾಳಿ ಹೋಗಿದೆ. ಆಗ ಕೊಳ್ಳಬೇಡಿ.

ಕೆಂಪು ಅಂಕಿಯ ಎಲ್‌ಇಡಿ ವಿಷಯದಲ್ಲಿ ನಿಶ್ಚಿಂತೆ. 1972ರ ಎಚ್‌ಪಿ-35 ಕ್ಯಾಲ್ಕುಲೇಟರ್‌ಗಳ ಅಂಕಿ ಇವತ್ತಿಗೂ ಕಣ್ಣಿಗೆ ಹೊಡೆಯುವ ಹಾಗೆ ಬೆಳಗುತ್ತವೆ. ಅಂಕಿ ನಿಜಕ್ಕೂ ಸಾಸಿವೆ ಗಾತ್ರದ್ದು, ಮೇಲಿನ ಪ್ಲಾಸ್ಟಿಕ್ ಗುಳ್ಳೆ ಭೂತಗನ್ನಡಿ ಥರ ದೊಡ್ಡದಾಗಿ ತೋರಿಸುತ್ತದೆ. ಸ್ವಲ್ಪ ಓರೆಯಾದರೆ ಅಂಕಿ ಮಾಯ. ಇವುಗಳಲ್ಲಿ ಕೆಡುವುದು ಬೆಳಕಲ್ಲ, ಬ್ಯಾಟರಿ ಗೂಡು. ಸೋರಿ ಸ್ಪ್ರಿಂಗ್‌ಗಳು ಕೊಳೆತಿರುತ್ತವೆ. ನಿಮ್ಮ ಎಚ್‌ಪಿ-25ಕ್ಕೆ ಒಂದು ಎಚ್ಚರಿಕೆ: ಬ್ಯಾಟರಿ ಇಲ್ಲದೆ, ಅಥವಾ ಸತ್ತ ಬ್ಯಾಟರಿ ಇಟ್ಟು, ಚಾರ್ಜರ್ ಚುಚ್ಚಬೇಡಿ. ಆ ಸಾಲಿನ ಯಂತ್ರಗಳಲ್ಲಿ ಚಾರ್ಜರಿನ ವೋಲ್ಟನ್ನು ಹದದಲ್ಲಿ ಇಡುವುದೇ ಬ್ಯಾಟರಿ. ಅದಿಲ್ಲದಿದ್ದರೆ ಚಿಪ್‌ಗೆ ನೇರ ಪೆಟ್ಟು. ಶೋಕೇಸ್‌ನಲ್ಲಿ ಚಾರ್ಜರ್ ಹಾಕಿ ಸದಾ ಬೆಳಗಿಸೋಣ ಅಂತ ಬಹಳ ಜನ ಮಾಡುವ ತಪ್ಪು ಇದೇ.

ಗೇಮ್ ಬಾಯ್ ಗೆರೆಗೆ ಮದ್ದಿದೆ, ಮಜವಾಗಿಯೂ ಇದೆ. 1989ರ ಆ ಪರದೆಗೆ 160 ಕಂಬ, 144 ಸಾಲು. ಕಂಬಗಳಿಗೆ ಸಂಪರ್ಕ ಕೊಡುವ ಪಟ್ಟಿ ಪರದೆಯ ಕೆಳ ಅಂಚಿನಲ್ಲಿ ಬಿಸಿ ಅಂಟಿನಿಂದ ಕೂತಿದೆ, ವಯಸ್ಸಾದ ಹಾಗೆ ಅಂಟು ಬಿಡುತ್ತದೆ, ಬಿಟ್ಟ ಕಡೆ ಉದ್ದ ಗೆರೆ. ಬಿಚ್ಚಿ, ಆ ಪಟ್ಟಿಯ ಮೇಲಿನ ರಬ್ಬರ್ ಸರಿಸಿ, ಕಡಿಮೆ ಶಾಖದ ಸೋಲ್ಡರಿಂಗ್ ಐರನ್ ತುದಿಯನ್ನು ಪಟ್ಟಿಯ ಮೇಲೆ ಮೆಲ್ಲಗೆ ಆಡಿಸಿ. ಒತ್ತಬೇಡಿ, ಒಂದೇ ಕಡೆ ನಿಲ್ಲಿಸಬೇಡಿ. ಯಂತ್ರ ಆನ್ ಇಟ್ಟೇ ಮಾಡಿದರೆ ಗೆರೆಗಳು ಒಂದೊಂದಾಗಿ ಮರಳಿ ಬರುವುದು ಕಣ್ಣೆದುರೇ ಕಾಣುತ್ತದೆ. ಕೆಲವು ಸಲ ಆರು ತಿಂಗಳಿಗೆ ಮತ್ತೆ ಹೋಗುತ್ತವೆ, ಮತ್ತೆ ಮಾಡಿದರಾಯಿತು. ಅಂಚಿನಿಂದ ಮಸಿ ಚೆಲ್ಲಿದ ಹಾಗೆ ಕಪ್ಪು ಹರಡಿದ್ದರೆ ಮಾತ್ರ ಗಾಜೇ ಬಿರುಕು ಬಿಟ್ಟಿದೆ, ಅದಕ್ಕೆ ಮದ್ದಿಲ್ಲ. ಪರದೆ ಪೂರಾ ಮಸುಕಾಗಿ ಹುಳಿ ವಾಸನೆ ಬಂದರೆ ಕೆಟ್ಟಿರುವುದು ಪೋಲರೈಸರ್, ಅಂದರೆ ಗಾಜಿಗೆ ಅಂಟಿಸಿದ ಬೆಳಕು ಸೋಸುವ ಹಾಳೆ. ಅದನ್ನು ಕೆರೆದು ತೆಗೆದು ಹೊಸದು ಅಂಟಿಸಬಹುದು, ತಾಳ್ಮೆ ಇದ್ದರೆ. ಎಲ್‌ಸಿಡಿ ತಾನಾಗಿ ಬೆಳಗುವುದಿಲ್ಲ, ಹಾಗಾಗಿ ಆನ್ ಇಟ್ಟರೂ ಅಂಥ ಸವೆತ ಇಲ್ಲ. ಅದರ ಶತ್ರು ಬಿಸಿಲು, ಶಾಖ.

ಪಿಕ್ಚರ್ ಟ್ಯೂಬ್ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಒಂದೇ ಚಿತ್ರ ಗಂಟೆಗಟ್ಟಲೆ ನಿಂತರೆ ಲೇಪ ಅಲ್ಲೇ ಸುಟ್ಟು ಅಚ್ಚು ಉಳಿಯುತ್ತದೆ, ಹಳೆಯ ಹಸಿರು ಮಾನಿಟರ್‌ಗಳಲ್ಲಿ ಆಫ್ ಮಾಡಿದ ಮೇಲೂ ಯಾವುದೋ ಲೆಕ್ಕದ ಪಟ್ಟಿಯ ಗೆರೆ ಕಾಣುತ್ತಿರುತ್ತದೆ. ಕಮೊಡೋರ್‌ನ ಆ ನೀಲಿ ಪರದೆ, 38911 ಬೇಸಿಕ್ ಬೈಟ್ಸ್ ಫ್ರೀ ಅನ್ನುವ ಸಾಲು, ನೋಡಲು ಎಷ್ಟೇ ಚೆನ್ನಾಗಿರಲಿ, ಟ್ಯೂಬ್ ಮೇಲೆ ದಿನವಿಡೀ ನಿಲ್ಲಿಸಬೇಡಿ. ಅಲಂಕಾರಕ್ಕೆ ಬೇಕೇಬೇಕು ಅಂದರೆ ಚಪ್ಪಟೆ ಪರದೆಗೆ ಹಾಕಿ. ನಿಜವಾದ ಟ್ಯೂಬ್ ಆಟ ಆಡುವಾಗಿರಲಿ.

ಶೋಕೇಸ್‌ಗೆ ಬಂದರೆ, ಕಿಟಕಿ ಎದುರು ಬೇಡ. ಆ ಕಾಲದ ಎಬಿಎಸ್ ಪ್ಲಾಸ್ಟಿಕ್ ಹಳದಿಯಾಗುತ್ತದೆ, ಬೆಂಕಿ ತಡೆಯಲು ಬೆರೆಸಿದ ಬ್ರೋಮಿನ್ ಅಂಶವೇ ಕಾರಣ ಅಂತ ಬಹಳ ಜನ ಹೇಳುತ್ತಾರೆ, ಬಿಸಿಲು ಅದನ್ನು ಬೇಗ ಮಾಡುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟು ಬಿಳಿ ಮಾಡುವ ವಿಧಾನ ಇದೆ, ನಾನೂ ಒಂದು ಕಾಲದಲ್ಲಿ ಸಿಕ್ಕಿದ್ದಕ್ಕೆಲ್ಲ ಮಾಡಿದೆ. ಎರಡು ಕೀಬೋರ್ಡ್ ಮೋಡದ ಹಾಗೆ ಪಟ್ಟೆ ಪಟ್ಟೆ ಆದವು, ಒಂದು ಮತ್ತೆ ಹಳದಿಯಾಯಿತು. ಈಗ ಮಾಡುವುದಿಲ್ಲ. ಹಳದಿ ಇದ್ದರೆ ಇರಲಿ, ಅದಕ್ಕೂ ನಮ್ಮಷ್ಟೇ ವಯಸ್ಸಾಗಿದೆ. ಗಾಜಿನ ಡಬ್ಬ ಪೂರಾ ಮುಚ್ಚಿಕೊಂಡಿರಬಾರದು, ಹಿಂದೆ ಗಾಳಿ ಆಡಲು ಕಿಂಡಿ ಬಿಡಿಸಿ. ಒಳಗೆ ತೇವ ಅಳೆಯುವ ಸಣ್ಣ ಮೀಟರ್ ಇಡಿ, 40ರಿಂದ 50 ಶೇಕಡ ಇದ್ದರೆ ಸಾಕು. ತೆಗೆಯಬಹುದಾದ ಬ್ಯಾಟರಿ ಒಂದೂ ಒಳಗೆ ಉಳಿಯಬಾರದು, ಈ ನಿಯಮಕ್ಕೆ ವಿನಾಯಿತಿ ಇಲ್ಲ. ಎರಡು ಮೂರು ತಿಂಗಳಿಗೊಮ್ಮೆ ಪ್ರತಿ ಯಂತ್ರವನ್ನೂ ಹೊರಗೆ ತೆಗೆದು, ಪಕ್ಕದಲ್ಲೇ ಕೂತು, ಅರ್ಧ ಗಂಟೆ ಓಡಿಸಿ. ಪಕ್ಕದಲ್ಲೇ ಕೂತು ಅಂತ ಯಾಕೆ ಒತ್ತಿ ಹೇಳಿದೆ ಅಂದರೆ ಹಳೆ ಪವರ್ ಸಪ್ಲೈಗಳಲ್ಲಿ ಕಾಗದ ಸುತ್ತಿದ ಒಂದು ಜಾತಿಯ ಕೆಪಾಸಿಟರ್ ಇರುತ್ತದೆ, ಮೈ ಬಿರುಕು ಬಿಟ್ಟು ತೇವ ಕುಡಿದಿರುತ್ತದೆ. ಹತ್ತು ಹದಿನೈದು ನಿಮಿಷ ಸುಮ್ಮನಿದ್ದು ಆಮೇಲೆ ಢಂ! ಮನೆಯೆಲ್ಲ ಹೊಗೆ, ವಾಸನೆ ಎರಡು ದಿನ ಹೋಗುವುದಿಲ್ಲ. ಆ ವಾಸನೆಯ ನಂತರ ನಮ್ಮ ಹವ್ಯಾಸದ ಬಗ್ಗೆ ಮನೆಯವರ ಅಭಿಪ್ರಾಯ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾ?

ಮುಂದೆ ಏನು ತಗೊಳ್ಳಬೇಕು? ಇನ್ನೊಂದು ಕಂಪ್ಯೂಟರ್ ಅಂತ ಯೋಚಿಸಬೇಡಿ, ಇನ್ನೊಂದು ಬೆಳಕು ಅಂತ ಯೋಚಿಸಿ. ನಿಮ್ಮಲ್ಲಿ ಇಲ್ಲದಿರುವುದು ಅನಿಲವೇ ಬೆಳಗುವ ಕಿತ್ತಳೆ ಬಣ್ಣದ ಪ್ಲಾಸ್ಮಾ ಪರದೆ. 1986ರ ತೋಷಿಬಾ ಟಿ3100, 1987ರ ಕಾಂಪ್ಯಾಕ್ ಪೋರ್ಟಬಲ್ 3 ಎರಡರಲ್ಲೂ ಅದಿದೆ. ಕತ್ತಲ ಕೋಣೆಯಲ್ಲಿ ಅದರ ಅಕ್ಷರಗಳು ಕೆಂಡದ ಹಾಗೆ. ಎಲೆಕ್ಟ್ರೊಲ್ಯೂಮಿನೆಸೆಂಟ್, ಅಂದರೆ ಕರೆಂಟ್ ಕೊಟ್ಟರೆ ಲೇಪವೇ ಬೆಳಗುವ, ಪರದೆಯ ಗ್ರಿಡ್ ಕಂಪಾಸ್, 1982ರದು, ಮೆಗ್ನೀಸಿಯಂ ಮೈಯ ಲ್ಯಾಪ್‌ಟಾಪ್, ನಾಸಾದ ಶಟಲ್‌ನಲ್ಲಿ ಹಾರಿ ಬಂದ ಜಾತಿ. ಆದರೆ ಅದು ಕನಸು, ಸಿಕ್ಕರೆ ಮೊದಲು ನನಗೆ ಹೇಳಿ. ಕೈಗೆಟುಕುವುದು ಬೇಕಾದರೆ 1983ರ ಟಿಆರ್‌ಎಸ್-80 ಮಾಡೆಲ್ 100. ಒಂದು ಸಾಲಿಗೆ 40 ಅಕ್ಷರ, 8 ಸಾಲು, ನಾಲ್ಕು ಪೆನ್‌ಟಾರ್ಚ್ ಸೆಲ್‌ನಲ್ಲಿ ಸುಮಾರು 20 ಗಂಟೆ ಓಡುತ್ತದೆ. ಕೀಲಿಗಳು ಎಷ್ಟು ಚೆನ್ನಾಗಿವೆ ಅಂದರೆ ನಾನು ಈಗಲೂ ಅದರಲ್ಲಿ ಟಿಪ್ಪಣಿ ಹೊಡೆಯುತ್ತೇನೆ. ಅದರೊಳಗೂ ಬೆಸುಗೆ ಹಾಕಿದ ಒಂದು ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಇದೆ. ತಂದ ದಿನವೇ ಕತ್ತರಿಸಿ.

ಕೊನೆಗೆ ನಿಮ್ಮ ಆಸೆ, ಬೆಳಗುವ ಶೋಕೇಸ್. ಅದಕ್ಕೆ ದಾರಿ ಇದೆ, ನಾನು ಅದನ್ನು ಕದ್ದಿದ್ದು 1972ರ ಪಲ್ಸರ್ ಕೈಗಡಿಯಾರದಿಂದ. ಅದರ ಮುಖ ಸದಾ ಕಪ್ಪು. ಎಲ್‌ಇಡಿ ಬ್ಯಾಟರಿಯನ್ನು ಕುಡಿದು ಮುಗಿಸುತ್ತದೆ ಅಂತ, ಗುಂಡಿ ಒತ್ತಿದಾಗ ಮಾತ್ರ ಕೆಂಪು ಅಂಕಿ ಒಂದು ಕ್ಷಣ ಮೂಡಿ ಆರುತ್ತದೆ. ನಾನೂ ಶೋಕೇಸ್ ಹೊರಗೆ ಕರೆಗಂಟೆಯಂಥ ಒಂದು ಗುಂಡಿ ಹಾಕಿಸಿದ್ದೇನೆ. ಒತ್ತಿದರೆ ಟೈಮರ್ ಮೂರು ನಿಮಿಷ ನಿಕ್ಸಿ ಗಡಿಯಾರಕ್ಕೂ ವಿಎಫ್‌ಡಿ ಕ್ಯಾಲ್ಕುಲೇಟರಿಗೂ ಕರೆಂಟ್ ಕೊಡುತ್ತದೆ, ಆಮೇಲೆ ಕತ್ತಲು. ಕಮೊಡೋರ್, ಮ್ಯಾಕ್ ಅದಕ್ಕೆ ಸೇರಿಸಿಲ್ಲ, ನೀವೂ ಸೇರಿಸಬೇಡಿ, ಅವನ್ನು ಕೈಯಾರೆ ಆನ್ ಮಾಡಬೇಕು. ಗಡಿಯಾರಕ್ಕೆ ಮಾತ್ರ ಸಮಯ ಮರೆಯದ ಹಾಗೆ ಒಳಗೊಂದು ವ್ಯವಸ್ಥೆ ಬೇಕು, ಇಲ್ಲದಿದ್ದರೆ ಪ್ರತಿ ಸಲ 00:00. ಬಂದವರು ಗುಂಡಿ ಒತ್ತಿ, ಅಂಕಿಗಳು ಒಂದೊಂದಾಗಿ ಏಳುವುದನ್ನು ನೋಡಿ, ಆರಿದ ಮೇಲೆ ಮತ್ತೆ ಒತ್ತುತ್ತಾರೆ. ಸದಾ ಉರಿಯುತ್ತಿದ್ದಾಗ ಯಾರೂ ಅದರ ಕಡೆ ತಿರುಗಿ ನೋಡುತ್ತಿರಲಿಲ್ಲ.

ಮ್ಯಾಕ್ ಬಿಚ್ಚಿದ ಮೇಲೆ ಆ ಬ್ಯಾಟರಿ, ಅದರ ಸುತ್ತಲಿನ ಬೋರ್ಡಿನ ಒಂದು ಫೋಟೋ ಕಳಿಸಿ. ಆನ್ ಮಾಡುವುದಕ್ಕೆ ಮುಂಚೆ.